ಕೈ ಊರದೆ

ಸೋಫಾದ ಬಲಗೈ ಆ ಬೆಳಿಗ್ಗೆಯೂ ಕಿರ್ ಎಂದಿತು. ಒಂದು ಕೈಯಲ್ಲಿ ಪತ್ರಿಕೆ ಹಿಡಿದು, ಇನ್ನೊಂದು ಕೈ ಸುಮ್ಮನೆ ಅಲ್ಲಿ ಬಿದ್ದಿದೆ ಎಂಬಂತೆ ಸೋಫಾದ ಮರದ ಕೈಯ ಮೇಲೆ ಊರಿ, ಉಸಿರು ಬಿಗಿಹಿಡಿದು, ಮೂರನೆಯ ಪ್ರಯತ್ನಕ್ಕೆ ಏಳುವುದನ್ನು ಅಳತೆಗಾರ ಒಂದು ವಿದ್ಯೆಯ ಮಟ್ಟಕ್ಕೇ ತಂದಿದ್ದ. ಮೊದಲೆರಡು ಪ್ರಯತ್ನಗಳು ಪುಟ ತಿರುಗಿಸಿದಂತೆ ಕಾಣಬೇಕು; ಹಾಗಾಗಿ ಈಚೆಗೆ ಅವನು ಓದದ ಪುಟಗಳನ್ನೂ ತಿರುಗಿಸುತ್ತಿದ್ದ. ಆದರೆ ಆ ಮರದ ಕೈಗೆ ಗುಟ್ಟು ಕಾಪಾಡುವ ಬುದ್ಧಿ ಇರಲಿಲ್ಲ. ಭಾರ ಬಿದ್ದ ಕೂಡಲೇ ಕಿರುಗುಟ್ಟಿ ಮನೆಗೆಲ್ಲ ಸಾರಿಬಿಡುತ್ತಿತ್ತು. ಅಡುಗೆಮನೆಯಿಂದ ಹೆಂಡತಿ ತಿರುಗಿಯೂ ನೋಡದೆ, "ಎದ್ರಾ? ಟೀ ಸೋಸಿದೀನಿ, ಬನ್ನಿ" ಎಂದಳು. "ಇದಕ್ಕೊಂದು ತೊಟ್ಟು ಎಣ್ಣೆ ಬಿಡ್ಬೇಕು ಕಣೇ" ಎಂದ ಅವನು. "ಯಾವ್ದಕ್ಕೆ?" ಎಂದಳು ಅವಳು. ಆ ಪ್ರಶ್ನೆಯಲ್ಲಿ ಚುಚ್ಚುವಂಥದ್ದೇನಾದರೂ ಇತ್ತೇ, ಅಥವಾ ಅವಳಿಗೆ ನಿಜವಾಗಿಯೂ ಕೇಳಿಸಲಿಲ್ಲವೇ ಎಂದು ಯೋಚಿಸುತ್ತ ಟೀ ಕುಡಿದ. ಸಕ್ಕರೆ ಹಾಕಿಕೊಳ್ಳುವುದನ್ನು ಮರೆತ.

ಸಕ್ಕರೆ ಮರೆಯಲು ಕಾರಣವಿತ್ತು. ನಿನ್ನೆ ಶೂ ಅಂಗಡಿ ಮುಚ್ಚುವ ಹೊತ್ತಿಗೆ ಚಿಕ್ಕ ಯಜಮಾನ ಅವನ ಹೆಗಲ ಮೇಲೆ ಕೈಯಿಟ್ಟು, "ನಾಳೆ ನೀವು ಅಳತೆ ಹಾಕೋವಾಗ ನಾನೂ ಪಕ್ಕದಲ್ಲೇ ಇದ್ದು ಸ್ವಲ್ಪ ನೋಡ್ತೀನಿ ಅಂಕಲ್. ಕಣ್ಣು ಇನ್ನೂ ಸರಿ ಹೋಗಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬೇಡಿ, ಬಾಗಿಲ ಹತ್ರ ಸ್ಟೂಲ್ ಮೇಲೆ ಕೂತ್ಕೊಂಡು ಬಂದೋರಿಗೆಲ್ಲ ಸರದಿ ಚೀಟಿ ಕೊಟ್ರೆ ಸಾಕು" ಎಂದಿದ್ದ. ಈ ಹುಡುಗನ ಮೊಟ್ಟಮೊದಲ ಶೂ ತೊಡಿಸಿದವನು ತಾನು. ಆಗ ಅದು ಕಿರುಚಿ ಕಿರುಚಿ ತನ್ನ ಎದೆಗೇ ಒದ್ದಿತ್ತು. ಮೂವತ್ತೆಂಟು ವರ್ಷ ಊರಿನ ಪಾದಗಳನ್ನೆಲ್ಲ ಅಂಗೈಯಲ್ಲಿಟ್ಟುಕೊಂಡು ನೋಡಿದವನಿಗೆ ಈಗ ಚೀಟಿ ಕೊಡುವ ಕೆಲಸ. ಅದಕ್ಕಿಂತ ದೊಡ್ಡ ಸಂಕಟವೆಂದರೆ ಕಣ್ಣಿಗೆ ಏನೂ ಆಗಿರಲಿಲ್ಲ ಎಂಬುದು. ಕೈಕೊಟ್ಟದ್ದು ಮಂಡಿ.

ಆ ಅಂಗಡಿಯ ಪದ್ಧತಿಯೇ ಹಾಗಿತ್ತು. ಬೇರೆ ಚಪ್ಪಲಿ ಅಂಗಡಿಗಳಲ್ಲಿ ಅಳತೆ ಹಾಕುವವನಿಗೆ ಒಂದು ಗಿಡ್ಡ ಸ್ಟೂಲು ಇರುತ್ತದೆ. ಇಲ್ಲಿ ಹಳೇ ಯಜಮಾನರು ಅಂಗಡಿ ತೆರೆದ ದಿನವೇ, ಗಿರಾಕಿ ಬಗ್ಗಬಾರದು, ಬಗ್ಗುವುದು ನಮ್ಮ ಕೆಲಸ ಎಂದು ಹೇಳಿ, ಕೆಂಪು ಕಾರ್ಪೆಟ್ಟಿನ ಮೇಲೆ ಒಂದು ಮಂಡಿಯೂರಿ ಕೂತೇ ಅಳತೆ ಹಾಕಬೇಕೆಂದು ಕಟ್ಟಪ್ಪಣೆ ಮಾಡಿದ್ದರು. ಯಜಮಾನರು ಹೋಗಿ ಆರು ವರ್ಷವಾದರೂ ಕಾರ್ಪೆಟ್ಟು ಹಾಗೇ ಇತ್ತು. ಇಳಿಯುವುದು ಕಷ್ಟವಲ್ಲ, ಇಳಿಯುವಾಗ ಭೂಮಿಯೇ ಸಹಾಯಕ್ಕೆ ಬರುತ್ತದೆ. ಏಳುವಾಗ ಅದೇ ಭೂಮಿ ಹಳೆಯ ನೆಂಟನ ಹಾಗೆ, ಇನ್ನೂ ಸ್ವಲ್ಪ ಹೊತ್ತು ಕೂತಿರಿ ಎಂದು ಹಿಡಿದೆಳೆಯುತ್ತದೆ. ಮೊದಲು ಅಳತೆಗಾರ ಹಿಮ್ಮಡಿಯನ್ನು ಶೂ ಒಳಗೆ ಜಾರಿಸುವ ಲೋಹದ ಪಟ್ಟಿಯನ್ನು, ಅಂಗಡಿಯವರ ಬಾಯಲ್ಲಿ ಅದು ಚಮಚ, ಬೇಕೆಂದೇ ಕುರ್ಚಿಯ ಬಳಿ ಬೀಳಿಸಿ, ಅದನ್ನು ಎತ್ತುವ ನೆಪದಲ್ಲಿ ಕುರ್ಚಿಯ ಕೈ ಹಿಡಿದು ಏಳುತ್ತಿದ್ದ. ದಿನಕ್ಕೆ ಹದಿನೈದು ಸಲ ಚಮಚ ಬಿದ್ದರೆ ಜನ ಏನೆಂದುಕೊಂಡಾರು? ಆಮೇಲೆ ಇಳಿಯುವುದನ್ನೇ ಬಿಟ್ಟು, ನಿಂತಲ್ಲಿಂದಲೇ ಪಾದ ನೋಡಿ ಸೈಜು ಹೇಳತೊಡಗಿದ. ಹತ್ತಕ್ಕೆ ಒಂಬತ್ತು ಸರಿಯಾಗುತ್ತಿತ್ತು ಕೂಡ. ಹತ್ತನೆಯದು ಅಂಚೆ ಕಚೇರಿಯ ಹೆಂಗಸಿನ ಎಡಗಾಲು. ಯಾರದೇ ಆಗಲಿ ಎರಡು ಪಾದ ಒಂದೇ ಅಳತೆಯವಲ್ಲ ಎಂದು ಸಾವಿರ ಸಲ ಬೇರೆಯವರಿಗೆ ಹೇಳಿಕೊಟ್ಟವನೇ, ಬಲಗಾಲು ನೋಡಿ ಎಡಗಾಲನ್ನು ನಂಬಿಬಿಟ್ಟಿದ್ದ. ಮೂರನೆಯ ದಿನ ಅವಳು ಹಿಮ್ಮಡಿಗೆ ಪಟ್ಟಿ ಅಂಟಿಸಿಕೊಂಡು ಕುಂಟುತ್ತ ಬಂದು ಎಲ್ಲರೆದುರು ಶೂಗಳನ್ನು ಮೇಜಿನ ಮೇಲೆ ಇಟ್ಟಳು.

"ಕಣ್ಣು ಚೆಕ್ ಮಾಡಿಸ್ಕೊಂಡಿದೀರಾ ಅಂಕಲ್?" ಎಂದು ಚಿಕ್ಕ ಯಜಮಾನ ಮೆಲ್ಲಗೆ ಕೇಳಿದಾಗ ಅಳತೆಗಾರನಿಗೆ ನಿಜಕ್ಕೂ ಸಮಾಧಾನವಾಗಿತ್ತು. ಕಣ್ಣು ಮಂದವಾದವರಿಗೆ ಲೋಕದಲ್ಲಿ ಮರ್ಯಾದೆಯಿದೆ. ಓದಿ ಓದಿ ಹೀಗಾಯಿತೇನೋ ಎಂದುಕೊಳ್ಳುತ್ತಾರೆ. ಮಂಡಿ ಹೋದವನನ್ನು ಮುದುಕ ಎನ್ನುತ್ತಾರೆ, ಅಷ್ಟೆ. "ಹೌದಪ್ಪಾ, ಸ್ವಲ್ಪ ಮಸುಕು" ಎಂದುಬಿಟ್ಟ. ಕಣ್ಣಿನ ವೈದ್ಯೆ ಎಲ್ಲ ನೋಡಿ, ನಿಮ್ಮ ಕಣ್ಣು ಗಿಡುಗನ ಕಣ್ಣು, ಬೇಕಿದ್ದರೆ ಪುಸ್ತಕ ಓದೋದಕ್ಕೆ ಒಂದು ಜೊತೆ ಬರೆದುಕೊಡ್ತೀನಿ ಎಂದಳು. ಅವನು ಆ ಓದುವ ಕನ್ನಡಕವನ್ನೇ ದಪ್ಪ ಕಪ್ಪು ಚೌಕಟ್ಟು ಹಾಕಿಸಿಕೊಂಡು ಇಡೀ ದಿನ ತೊಡತೊಡಗಿದ. ಅಂದಿನಿಂದ ಕೈಯಳತೆಯ ಆಚೆ ಇರುವುದೆಲ್ಲ ಮಂಜು. ಮೆಟ್ಟಿಲು ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತಿರಲಿಲ್ಲ. ನಿಂತು ನೋಡಿದರೆ ಕೆಳಗಿನ ಪಾದ ಹಿಟ್ಟಿನ ಮುದ್ದೆಯ ಹಾಗೆ ಕಾಣುತ್ತಿತ್ತು. ಹೇಳಿದ ಸುಳ್ಳು ಹೀಗೆ ದಿನೇ ದಿನೇ ನಿಜವಾಗುತ್ತ ಬರುವುದನ್ನು ಅವನು ಬೆರಗಿನಿಂದ ನೋಡುತ್ತಿದ್ದ.

ಅಂಗಡಿಗೆ ನಡೆದು ಹೋಗುವ ದಾರಿಯಲ್ಲಿ ಒಂದು ದೊಡ್ಡ ರಸ್ತೆ ದಾಟಬೇಕು. ದೀಪ ಹಸಿರಾಗಿರುವುದು ಹನ್ನೆರಡು ಎಣಿಸುವಷ್ಟು ಹೊತ್ತು. ಹೋದ ವರ್ಷ ಒಂಬತ್ತಕ್ಕೆ ಆಚೆ ಬದಿ ಸೇರುತ್ತಿದ್ದ, ಈಗ ಹನ್ನೊಂದು. ದೊಡ್ಡಣ್ಣನಿಗೂ ಹೀಗೇ ಆಗಿತ್ತೇ? ದೊಡ್ಡಣ್ಣ ಎಂದರೆ ಸ್ವಂತ ಅಣ್ಣನಲ್ಲ. ತನಗಿಂತ ಮೊದಲು ಆ ಕಾರ್ಪೆಟ್ಟಿನ ಮೇಲೆ ಮಂಡಿಯೂರುತ್ತಿದ್ದವನು, ತನಗೆ ಪಾದ ಹಿಡಿಯುವುದನ್ನು ಕಲಿಸಿದವನು. ಹನ್ನೆರಡು ವರ್ಷದ ಹಿಂದೆ ಒಂದು ಸಂಜೆ ಅಳತೆಗಾರ ಹಳೇ ಯಜಮಾನರ ಜೊತೆ ಟೀ ಕುಡಿಯುತ್ತ, ಯಾರೂ ಕೇಳದಿದ್ದರೂ, "ದೊಡ್ಡಣ್ಣನಿಗೆ ಏಳೋಕೆ ತುಂಬ ಕಷ್ಟ ಆಗ್ತಿದೆ, ಪಾಪ" ಎಂದಿದ್ದ. ಆ ಪಾಪ ಎಂಬ ಮಾತು ಬೇಕಿರಲಿಲ್ಲ. ಅದಿಲ್ಲದಿದ್ದರೆ ಅದೊಂದು ಸುದ್ದಿಯಾಗಿರುತ್ತಿತ್ತು. ಅದು ಸೇರಿ ಚಾಡಿಯಾಯಿತು. ಆಗ ತನಗೆ ಐವತ್ತೈದು, ಹಿರಿಯ ಅಳತೆಗಾರ ಎನಿಸಿಕೊಳ್ಳುವ ಚಪಲ. ಮಾರನೆಯ ದಿನವೇ ಬಾಗಿಲ ಬಳಿ ಎತ್ತರದ ಸ್ಟೂಲು ಬಂತು. ದೊಡ್ಡಣ್ಣ ಅದರ ಮೇಲೆ ಏಳು ದಿನ ಕೂತು ಚೀಟಿ ಕೊಟ್ಟ, ಎಂಟನೆಯ ದಿನ ಬರಲಿಲ್ಲ. ಆಗ ದೊಡ್ಡಣ್ಣನಿಗೆ ಅರವತ್ತೇಳು. ತನಗೆ ಈಗ ಅರವತ್ತೇಳು. ಯೋಚನೆಯಲ್ಲಿ ಹೆಜ್ಜೆ ನಿಧಾನವಾಗಿ, ದೀಪ ಕೆಂಪಾದಾಗ ಅವನಿನ್ನೂ ರಸ್ತೆಯ ನಡುವಿದ್ದ. ಕಾರಿನವನೊಬ್ಬ ಹಾರ್ನ್ ಮಾಡದೆ, ನಿಧಾನವಾಗಿ ಹೋಗಿ ಎಂಬಂತೆ ಕೈಯಾಡಿಸಿದ. ಬೈದಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ.

ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬಿದ್ದದ್ದು ಸ್ಟೂಲು. ಬಾಗಿಲ ಬಳಿಯ ಆ ಎತ್ತರದ ಸ್ಟೂಲಿನ ಮೇಲೆ ಹನ್ನೆರಡು ವರ್ಷದಿಂದ ಒಂದು ಪ್ಲಾಸ್ಟಿಕ್ ಗಿಡ ಕೂತಿತ್ತು. ಇಂದು ಅದನ್ನು ಯಾರೋ ನೆಲಕ್ಕೆ ಇಳಿಸಿ, ಸ್ಟೂಲನ್ನು ಒರೆಸಿಟ್ಟಿದ್ದರು. ಕೆಲಸ ಕಳೆದುಕೊಂಡ ಗಿಡವನ್ನು ನೋಡಿ ಅವನಿಗೆ ಮರುಕವೂ ನಗುವೂ ಒಟ್ಟಿಗೇ ಬಂದವು. "ಬನ್ನಿ ಅಂಕಲ್" ಎಂದ ಚಿಕ್ಕ ಯಜಮಾನ, ಕಾರ್ಪೆಟ್ಟಿನ ಅಂಚಿನಲ್ಲಿ ಕೈಕಟ್ಟಿ ನಿಂತು. ಬೆಳಿಗ್ಗೆಯೆಲ್ಲ ಅದೃಷ್ಟ ಅವನ ಕಡೆಗಿತ್ತು. ಬಂದವರೆಲ್ಲ ಪಾಲಿಶ್ ಕೇಳಿದರು, ಚೀಲ ಕೇಳಿದರು, ಒಬ್ಬಳು ಪಕ್ಕದ ಅಂಗಡಿಯ ದಾರಿ ಕೇಳಿದಳು. ಅಳತೆ ಬೇಡದ ಒಬ್ಬೊಬ್ಬ ಗಿರಾಕಿಗೂ ಅಳತೆಗಾರ ಮನಸ್ಸಿನಲ್ಲೇ ಕೈಮುಗಿದ. ಅಂಗಡಿಗೆ ವ್ಯಾಪಾರವಾಗದಿರಲಿ ಎಂದು ಅಂಗಡಿಯ ಅನ್ನ ತಿಂದವನು ಹಾರೈಸುತ್ತಿರುವುದು ಸರಿಯೇ ಎಂದು ಒಂದು ಗಳಿಗೆ ನಾಚಿಕೆಯಾಯಿತು. ಆದರೂ ಹಾರೈಸುವುದನ್ನು ಬಿಡಲಿಲ್ಲ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಬಾಗಿಲು ತೆರೆದು ಒಬ್ಬ ಮುದುಕ ಒಳಗೆ ಬಂದ. ಕನ್ನಡಕದ ಮಂಜಿನಲ್ಲಿ ಮುಖ ತಿಳಿಯಲಿಲ್ಲ. ನಡಿಗೆ ತಿಳಿಯಿತು. ಹೆಬ್ಬೆರಳನ್ನು ಒಂದಿಷ್ಟು ಹೊರಕ್ಕೆ ತಿರುಗಿಸಿ ಇಡುವ ಆ ಎಡಗಾಲು ಲೋಕದಲ್ಲಿ ಒಬ್ಬನಿಗೇ ಇರುವುದು. ಬಾಗಿಲ ಬಳಿ ಒರೆಸಿಟ್ಟ ಸ್ಟೂಲನ್ನು ಆ ಮುದುಕ ನಿಂತು ನೋಡಿದ, ನೆಲದ ಮೇಲಿನ ಗಿಡವನ್ನು ನೋಡಿದ, ಕೈಕಟ್ಟಿ ನಿಂತ ಚಿಕ್ಕ ಯಜಮಾನನನ್ನು ನೋಡಿದ. ಕೊನೆಗೆ ಅಳತೆಗಾರನ ಕಪ್ಪು ಚೌಕಟ್ಟಿನ ಕನ್ನಡಕವನ್ನು ನೋಡಿದ. ಆ ಸ್ಟೂಲು ಯಾರಿಗೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಶೂ ಬೇಕಿತ್ತು" ಎಂದು ದೊಡ್ಡಣ್ಣ ಕುರ್ಚಿಯ ಮೇಲೆ ಕೂತ. "ಇವನೇ ಅಳತೆ ಹಾಕ್ಲಿ."

"ನಾನು ಬೇರೆಯವ್ರನ್ನ ಕರೀತೀನಿ, ಇವ್ರಿಗೆ ಕಣ್ಣು ಸ್ವಲ್ಪ..." ಎಂದ ಚಿಕ್ಕ ಯಜಮಾನ.

"ನನ್ ಕಾಲು ಇವನಿಗೆ ಕಣ್ಮುಚ್ಚಿದ್ರೂ ಗೊತ್ತು. ಹಾಕೋ."

ಅಳತೆಗಾರ ಅಳತೆ ಹಲಗೆ ಹಿಡಿದು ಇಳಿದ. ಮಂಡಿ ಲಟಕ್ಕೆಂದಿತು, ಕೆಮ್ಮಿ ಮುಚ್ಚಿದ. ಬಲಗಾಲು ಎಂಟು. ಎಡಗಾಲು ಎಂಟೂಕಾಲು. ಆ ಪಾದವನ್ನು ಅಂಗೈಯಲ್ಲಿ ಹಿಡಿದಾಗ, ಮೊದಲ ದಿನ ಇದೇ ಪಾದದ ಮೇಲೆ ಅಳತೆ ಕಲಿತದ್ದು ನೆನಪಾಯಿತು. "ಕಂದು ಬಣ್ಣದ್ದು ತಾ" ಎಂದ ದೊಡ್ಡಣ್ಣ. ತರಬೇಕೆಂದರೆ ಏಳಬೇಕು. ಅಳತೆಗಾರನ ಬೆರಳುಗಳಿಂದ ಚಮಚ ತಾನಾಗಿ ಜಾರಿ ಕುರ್ಚಿಯ ಪಕ್ಕ ಬಿತ್ತು, ಕೈ ಕುರ್ಚಿಯ ಕಡೆಗೆ ಹೋಯಿತು. ಅಷ್ಟರಲ್ಲಿ ದೊಡ್ಡಣ್ಣ ತನ್ನ ಮೊಣಕೈಯನ್ನು ಕುರ್ಚಿಯ ಕೈಯ ಮೇಲೆ ಇಟ್ಟುಬಿಟ್ಟ. ಇನ್ನೊಂದು ಕಡೆಯೂ ಇಟ್ಟ. ಹಿಡಿಯಲು ಜಾಗವೇ ಇಲ್ಲ. ಅವನ ಮುಖ ಬಗ್ಗಿ ಹತ್ತಿರ ಬಂತು.

"ಆ ಚಮಚದ ಆಟ ಕಂಡುಹಿಡಿದಿದ್ದು ನಾನು ಕಣೋ" ಎಂದ, ದನಿ ತಗ್ಗಿಸಿ. "ಮುಂದಿನ ಪಾದ ಪೂರ್ತಿ ಊರು. ಹಿಂದಿನ ಕಾಲ್ಬೆರಳು ಮಡಚು. ಮೂಗು ಮಂಡಿಗಿಂತ ಮುಂದೆ ಬರ್ಲಿ. ಇನ್ನೂ ಮುಂದೆ. ಈಗ ನೆಲಾನ ಒದಿ."

ಒದ್ದ. ಎಲ್ಲಿಂದಲೋ ಒಂದು ನಡುಕ ತೊಡೆಯಲ್ಲಿ ಹೊರಟು ಹಲ್ಲಿನವರೆಗೆ ಬಂತು. ಆದರೆ ಎದ್ದಿದ್ದ. ಎದ್ದ ಮೇಲೆ ಕಪಾಟಿಗೆ ಹೋಗುವ ಬದಲು ನಿಂತೇ ಇದ್ದ. ಚಿಕ್ಕ ಯಜಮಾನ, "ಅಂಕಲ್, ಕಂದು ಅಂದ್ರು" ಎಂದು ನೆನಪಿಸಬೇಕಾಯಿತು.

ಕಂದು ಬಣ್ಣದ್ದು ಬಿಗಿ ಎಂದ ದೊಡ್ಡಣ್ಣ. ಬಿಗಿಯಾಗಿರಲಿಲ್ಲ, ಅಳತೆಗಾರನ ಹೆಬ್ಬೆರಳು ಆ ಜಾಗವನ್ನು ಒತ್ತಿ ನೋಡಿತ್ತು. ಕಪ್ಪು ತಂದ. ಸಡಿಲ ಎಂದ. ಸಡಿಲವೂ ಆಗಿರಲಿಲ್ಲ. ಲೇಸಿನದು, ಲೇಸಿಲ್ಲದ್ದು, ಮಳೆಗಾಲದ್ದು, ನಡಿಗೆಯದು. ಪ್ರತಿ ಸಲವೂ ಇಳಿ, ತೊಡಿಸು, ಬಿಚ್ಚು, ಏಳು. ದೊಡ್ಡಣ್ಣ ಸೇಡು ತೀರಿಸಿಕೊಳ್ಳಲು ಬಂದಿದ್ದಾನೆ ಎಂಬುದರಲ್ಲಿ ಅಳತೆಗಾರನಿಗೆ ಅನುಮಾನ ಉಳಿಯಲಿಲ್ಲ. ವಿಚಿತ್ರವೆಂದರೆ ಅದರಿಂದ ಮನಸ್ಸು ಹಗುರವಾಗುತ್ತಿತ್ತು, ತೊಡೆ ಉರಿಯುತ್ತಿತ್ತು. ಬೆವರಿಗೆ ಕನ್ನಡಕ ಮೂಗಿನಿಂದ ಜಾರುತ್ತಿತ್ತು. ಐದನೆಯ ಜೊತೆಯ ಲೇಸು ಕಟ್ಟುತ್ತ, ತಲೆ ಎತ್ತದೆ ಹೇಳಿಬಿಟ್ಟ: "ದೊಡ್ಡಣ್ಣ, ಆವತ್ತು ಯಜಮಾನ್ರಿಗೆ ನಿಮ್ ವಿಷ್ಯ ಹೇಳಿದ್ದು ನಾನೇ."

"ಗೊತ್ತು" ಎಂದ ದೊಡ್ಡಣ್ಣ. "ಲೇಸು ಇನ್ನೂ ಸ್ವಲ್ಪ ಬಿಗಿ."

"ಪಾಪ ಅಂತ ಬೇರೆ ಅಂದಿದ್ದೆ."

"ಅದೂ ಗೊತ್ತು. ಬೂದು ಬಣ್ಣದ್ದು ಇದ್ಯಾ? ಏಳು."

ಬೂದು ಬಣ್ಣದ್ದನ್ನು ತೊಡಿಸುವಾಗ ದೊಡ್ಡಣ್ಣ, ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ ಒಂದಿಷ್ಟು ಹೇಳಿದ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಅವನು ಮನೆಯಲ್ಲಿ ಕೂತ ಕಡೆಯೇ ಕೂತಿದ್ದನಂತೆ. ಒಂದು ದಿನ ಕಮೋಡಿನ ಮೇಲಿಂದ ಏಳಲಾಗದೆ ಒಂದು ಗಂಟೆ ಅಲ್ಲೇ ಇದ್ದನಂತೆ. "ಕೂಗೋಕೆ ನಾಚಿಕೆ. ಸೊಸೆ ಒಬ್ಳೇ ಇದ್ದಿದ್ದು. ಹಾಡ್ ಹೇಳ್ತಾ ಕೂತಿದ್ದೆ, ಒಳಗಡೆ ಖುಷಿಯಾಗಿದೀನಿ ಅಂದ್ಕೊಳ್ಳಲಿ ಅಂತ." ಆಮೇಲೆ ಆಸ್ಪತ್ರೆಯ ನರ್ಸೊಬ್ಬಳು, ಅಜ್ಜಾ, ಊಟದ ಕುರ್ಚಿ ಇದ್ಯಲ್ಲ, ಅದರ ಮೇಲಿಂದ ಕೈ ಊರದೆ ಏಳಿ, ಕೂರಿ, ಅದೇ ಔಷಧಿ ಎಂದಳಂತೆ. "ಮೊದಲ ವಾರ ಒಂದೇ ಒಂದು. ಅದೂ ಕುರ್ಚಿ ಮೇಲೆ ದಿಂಬು ಹಾಕಿ. ಈಗ ಬೆಳಿಗ್ಗೆ ಟೀಗೆ ಮುಂಚೆ ಮೂವತ್ತು. ಮಂಡಿ ಹೋಗಿರ್ಲಿಲ್ಲ ಕಣೋ, ತೊಡೆ ನಿದ್ದೆ ಹೋಗಿತ್ತು." ಅಳತೆಗಾರ ಕೆಳಗಿನಿಂದ ಅವನ ಮುಖ ನೋಡಿದ. ಕನ್ನಡಕ ಮೂಗಿನ ತುದಿಗೆ ಬಂದಿದ್ದರಿಂದ ಸ್ಪಷ್ಟವಾಗಿ ಕಂಡಿತು. ಅಲ್ಲಿ ಕೋಪವೂ ಇತ್ತು, ತುಂಟತನವೂ ಇತ್ತು. ಎರಡರಲ್ಲಿ ಯಾವುದು ಹೆಚ್ಚೆಂದು ಅಳೆಯುವ ಹಲಗೆ ಅವನ ಬಳಿ ಇರಲಿಲ್ಲ.

ಒಂಬತ್ತನೆಯ ಜೊತೆಯನ್ನೂ ಬೇಡವೆಂದು ಬಿಚ್ಚಿಸಿ, ದೊಡ್ಡಣ್ಣ ತನ್ನ ಹಳೆಯ ಶೂ ತೊಟ್ಟು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು, ಎಪ್ಪತ್ತೊಂಬತ್ತು ವರ್ಷದ ಮನುಷ್ಯ, ಕುರ್ಚಿಯಿಂದ ಸೀದಾ ಎದ್ದು ನಿಂತ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. "ಒಂದು ಜೊತೆ ಕಪ್ಪು ಲೇಸು ಕೊಡಿ" ಎಂದ. "ಶೂ ಯಾವ್ದೂ ಸರಿ ಹೋಗ್ಲಿಲ್ಲ. ನಾಳೆ ಇದೇ ಹೊತ್ತಿಗೆ ಬರ್ತೀನಿ. ಇವನೇ ಇರ್ಬೇಕು." ಲೇಸು ಜೇಬಿಗಿಟ್ಟು, ಬಾಗಿಲ ಬಳಿ ನೆಲದಲ್ಲಿದ್ದ ಗಿಡವನ್ನು ಬಗ್ಗಿ ಎತ್ತಿ ಸ್ಟೂಲಿನ ಮೇಲಿಟ್ಟು ಹೊರಟುಹೋದ.

ಚಿಕ್ಕ ಯಜಮಾನ ಕಾರ್ಪೆಟ್ಟಿನ ಮೇಲೆ ಹರಡಿದ್ದ ಒಂಬತ್ತು ಜೊತೆಗಳನ್ನು ನೋಡಿ ನಿಟ್ಟುಸಿರು ಬಿಟ್ಟ. "ಒಂಬತ್ತು ಜೊತೆ ಅಂಕಲ್. ಒಂದೂ ಅಳತೆ ಸರಿಯಿಲ್ಲ. ನಿಮಗೆ ಗೊತ್ತಿರೋ ಕಾಲು ಬೇರೆ. ಇನ್ನು ಕಣ್ಣನ್ನ ನಂಬ್ಕೊಂಡು..." ಎಂದು ಅರ್ಧಕ್ಕೆ ನಿಲ್ಲಿಸಿ ಬಾಗಿಲ ಕಡೆ ನೋಡಿದ. ಅಳತೆಗಾರನಿಗೆ ಆಗ ಹೊಳೆಯಿತು. ದೊಡ್ಡಣ್ಣ ತನ್ನ ಬಾಯಿಂದ ಒಂದು ಮಾತೂ ಚಾಡಿ ಹೇಳದೆ, ಅಳತೆಗಾರನೇ ನಿಜ ಹೇಳದೆ ವಿಧಿಯಿಲ್ಲದಂತೆ ಮಾಡಿ ಹೋಗಿದ್ದಾನೆ. ಸುಮ್ಮನಿದ್ದರೆ ಕಣ್ಣು ಹೋದವನೆಂದು ಮರ್ಯಾದೆಯಿಂದ ಸ್ಟೂಲು ಹತ್ತಬಹುದು. ಗಿಡವನ್ನು ಮತ್ತೆ ಇಳಿಸುವುದು ಎಷ್ಟು ಹೊತ್ತಿನ ಕೆಲಸ? ಕನ್ನಡಕ ತೆಗೆದು ಜೇಬಿಗಿಟ್ಟ. ಅಂಗಡಿ ಥಟ್ಟನೆ ಬೆಳಗಿದಂತೆ ಕಂಡಿತು. ಕಪಾಟಿನ ತುದಿಯ ಡಬ್ಬಿಯ ಮೇಲಿನ ಅಂಕಿಯನ್ನೂ ಓದಬಹುದಿತ್ತು.

"ಕಣ್ಣು ಚೆನ್ನಾಗಿದೆಯಪ್ಪಾ. ಸುಳ್ಳು ಹೇಳಿದ್ದೆ. ಕಾಲಲ್ಲಿ ಶಕ್ತಿ ಇಲ್ಲ. ಕೂತ್ರೆ ಏಳೋಕಾಗಲ್ಲ, ಅದಕ್ಕೇ ನಿಂತೇ ಸೈಜ್ ಹೇಳ್ತಿದ್ದೆ. ಅವ್ರ ಬಲಗಾಲು ಎಂಟು, ಎಡಗಾಲು ಎಂಟೂಕಾಲು. ಈ ಒಂಬತ್ತೂ ಸರಿಯಾಗಿತ್ತು."

ಚಿಕ್ಕ ಯಜಮಾನ ಬಾಯಿ ಬಿಟ್ಟು ನೋಡಿದ. "ಹಾಗಾದ್ರೆ ಅವ್ರು ಯಾಕೆ...?"

"ನನ್ನ ಏಳ್ಸೋದಕ್ಕೆ."

"ಏಳೋಕಾಗಲ್ಲ ಅಂದ್ರಲ್ಲ?"

"ಇವತ್ತು ಒಂಬತ್ತು ಸಲ ಎದ್ದೆ. ನೀನೇ ನೋಡ್ದೆ." ತೊಡೆ ಇನ್ನೂ ನಡುಗುತ್ತಿತ್ತು. "ಆಗಲ್ಲ ಅಂದ್ರೆ ಸ್ಟೂಲ್ ಮೇಲೆ ಕೂರ್ತೀನಿ. ಒಂದು ತಿಂಗಳು ಕೊಡು."

ಚಿಕ್ಕ ಯಜಮಾನ ಹರಡಿದ್ದ ಜೊತೆಗಳ ಕಡೆ ತಿರುಗಿದ. ಬಗ್ಗಿ ಒಂದು ಶೂ ಎತ್ತಿ ಡಬ್ಬಿಗೆ ಹಾಕಲು ಹೋಗಿ, ತನಗೇ ಸೊಂಟ ಹಿಡಿದಂತಾಗಿ, ಹಾಗೇ ನಿಂತು, "ಆಯ್ತು. ಅವ್ರಿಗೆ ಶೂ ಸರಿ ಹೋಗೋವರೆಗೂ ನೀವು ಇಲ್ಲೇ ಅಂಕಲ್" ಎಂದ. ಆಮೇಲೆ ಮೆಲ್ಲಗೆ, "ಮೂಗು ಮುಂದೆ ಅಂತ ಏನೋ ಅಂತಿದ್ರಲ್ಲ, ಅದೇನು?" ಎಂದು ಕೇಳಿದ.

ಸಂಜೆ ಮನೆಗೆ ಹೋಗುವಾಗ ರಸ್ತೆ ದಾಟಲು ಹನ್ನೊಂದೇ ಹಿಡಿಯಿತು. ಒಂದೇ ದಿನಕ್ಕೆ ಪವಾಡವೇನೂ ಆಗಿರಲಿಲ್ಲ. ಮೆಟ್ಟಿಲಿಳಿಯುವಾಗ ತೊಡೆ ಅಯ್ಯೋ ಎನ್ನುತ್ತಿತ್ತು. ಬಂದವನೇ ಸೋಫಾದ ಮೇಲೆ ಕೂತ, ಪತ್ರಿಕೆ ತೆರೆಯಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು, ಅದರೊಳಗೆ ಹೆಂಡತಿಯ ಗುನುಗು. ಎಷ್ಟು ದಿನಗಳಿಂದ ಅವಳು ಆ ಕಿರುಗುಟ್ಟುವಿಕೆಗೆ ಕಿವಿಗೊಟ್ಟು ಟೀ ಸೋಸುತ್ತಿದ್ದಾಳೆ? ಎಣ್ಣೆ ಬಿಡಬೇಕು ಎಂದಾಗಲೆಲ್ಲ ಯಾಕೆ ಅವಳಿಗೆ ಕೇಳಿಸುತ್ತಿರಲಿಲ್ಲ? ಅವನು ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡ. ಪಾದ ಹಿಂದಕ್ಕೆ ಸರಿಸಿದ. ಮೂಗು ಮುಂದೆ. ಇನ್ನೂ ಮುಂದೆ. ಮೊದಲ ಸಲ ಧೊಪ್ಪೆಂದು ಹಿಂದಕ್ಕೆ ಬಿದ್ದ. ಎರಡನೆಯ ಸಲ ಅರ್ಧಕ್ಕೆ ಏರಿ, ಅಲ್ಲೇ ತೂಗಾಡಿ, ಇನ್ನೇನು ಕೈ ಚಾಚಬೇಕು ಎನ್ನುವಾಗ ನೆಲವನ್ನು ಒದ್ದ.

ಸೋಫಾ ಒಂದಿಷ್ಟೂ ಸದ್ದು ಮಾಡಲಿಲ್ಲ. ಅಡುಗೆಮನೆಯಲ್ಲಿ ಗುನುಗು ಥಟ್ಟನೆ ನಿಂತಿತು. ಧೊಪ್ಪೆಂದ ಸದ್ದಿನ ಮೇಲೆ ಬಂದ ಆ ಮೌನಕ್ಕೆ ಹೆದರಿ ಹೆಂಡತಿ, ಕೈಯಲ್ಲಿ ಟೀ ಸೋಸುವ ಜಾಲರಿ ಹಿಡಿದುಕೊಂಡೇ, ನೆಲಕ್ಕೆಲ್ಲ ಹನಿಸುತ್ತ ಓಡಿಬಂದಳು.

"ಏನ್ರೀ, ಬಿದ್ರಾ?"

ಅವನು ಕೋಣೆಯ ನಡುವೆ, ಎದೆಯ ಮೇಲೆ ಕೈಯಿಟ್ಟುಕೊಂಡು, ಗಡಗಡ ನಡುಗುತ್ತ ನಿಂತಿದ್ದ.

"ಇಲ್ಲ ಕಣೇ" ಎಂದ. "ಎದ್ದೆ."